ಕೊರಳಿಂದ ಇಳಿಯುವ ಸ್ವೆಟರ್: ನಾಲ್ಕು ಗೆರೆಗಳ ಲೆಕ್ಕ

ಮಡಿಕೇರಿಯಲ್ಲಿ ಸ್ವೆಟರ್ ಪೆಟ್ಟಿಗೆಯಿಂದ ಹೊರಬರುವುದು ಜೂನ್ ತಿಂಗಳಲ್ಲೇ. ಸುಮಾರು 3,800 ಅಡಿ ಎತ್ತರದ ಈ ಊರಿಗೆ ಮುಂಗಾರು ಹಿಡಿದುಕೊಂಡಿತೆಂದರೆ ಕಕ್ಕಡ ಮಾಸ ಕಳೆದು ಕೈಲ್‌ಪೊಳ್ದ್ ಹಬ್ಬ ಬರುವವರೆಗೂ ಗೋಡೆ, ಹಾಸಿಗೆ, ಮೈ ಎಲ್ಲ ಥಂಡಿ. ನಡುವೆ ಒಂದಿಷ್ಟು ದಿನ ಬಿಸಿಲು. ಮತ್ತೆ ಪುತ್ತರಿ ಹಬ್ಬ ಮುಗಿದು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಬೆಳಗಿನ ಮಂಜು. ವರ್ಷದಲ್ಲಿ ಇಷ್ಟು ತಿಂಗಳು ಸ್ವೆಟರ್ ಬೇಕಾಗುವ ಊರಿನಲ್ಲಿ, ಕೈಯಲ್ಲಿ ಹೆಣೆದ ಎಷ್ಟೋ ಸ್ವೆಟರುಗಳು ಬೀರುವಿನಲ್ಲೇ ಉಳಿಯುತ್ತವೆ. ನೂಲು ಚೆನ್ನಾಗಿರುತ್ತದೆ, ಬಣ್ಣ ಚೆನ್ನಾಗಿರುತ್ತದೆ, ಹೆಣಿಗೆಯಲ್ಲೂ ತಪ್ಪಿರುವುದಿಲ್ಲ. ಆದರೆ ಹಾಕಿಕೊಂಡರೆ ಗಂಟಲು ಒತ್ತುತ್ತದೆ, ಕಂಕುಳಲ್ಲಿ ಬಟ್ಟೆ ಮುದ್ದೆಯಾಗುತ್ತದೆ, ಮುಂಭಾಗ ಮೇಲೇರಿ ಹಿಂಭಾಗ ಜೋತು ಬೀಳುತ್ತದೆ. ಹೆಣೆದವರಿಗೆ ಬೇಸರವಾಗಬಾರದೆಂದು ಒಂದೆರಡು ಸಲ ಹಾಕಿಕೊಂಡು, ಆಮೇಲೆ ಮಡಿಸಿಡುತ್ತೇವೆ.

ನನ್ನ ಅವ್ವ ಹೆಣಿಗೆ ಕಲಿತದ್ದು ಅಪ್ಪ ಸೇನೆಯಲ್ಲಿದ್ದು ಉತ್ತರದ ಊರುಗಳಲ್ಲಿ ಮನೆ ಮಾಡಿಕೊಂಡಿದ್ದಾಗ, ಕ್ವಾರ್ಟರ್ಸಿನ ಪಕ್ಕದ ಮನೆಯ ಪಂಜಾಬಿ ಹೆಂಗಸಿನಿಂದ. ಸೇನಾನಾಯಕರಾದ ಕಾರ್ಯಪ್ಪ, ತಿಮ್ಮಯ್ಯನವರ ನಾಡಾದ ಕೊಡಗಿನಲ್ಲಿ ಇಂಥ ಕಥೆ ಹಲವು ಮನೆಗಳದ್ದು. ಅವ್ವ ಕಲಿತ ಕ್ರಮದಲ್ಲಿ ಬೆನ್ನು, ಎದೆ, ಎರಡು ತೋಳು ಎಂದು ನಾಲ್ಕು ತುಂಡುಗಳನ್ನು ಕೆಳಗಿನ ಅಂಚಿನಿಂದ ಹೆಣೆಯುತ್ತ ಹೋಗಿ ಕೊನೆಗೆ ಸೂಜಿಯಿಂದ ಕೂಡಿಸಬೇಕು. ಕೂಡಿಸಿ ಮೈಗೆ ಹಾಕಿದ ದಿನವೇ ಸರಿಯೋ ತಪ್ಪೋ ಗೊತ್ತಾಗುವುದು. ಆಗ ಗೊತ್ತಾದ ತಪ್ಪನ್ನು ತಿದ್ದಬೇಕೆಂದರೆ ಎರಡು ತಿಂಗಳ ಕೆಲಸ ಬಿಚ್ಚಬೇಕು. ಅವ್ವ ಬಿಚ್ಚುತ್ತಿರಲಿಲ್ಲ, ಆ ಸ್ವೆಟರ್ ಹಿಡಿಸುವವರು ಯಾರಾದರೂ ನೆಂಟರಲ್ಲಿ ಇದ್ದಾರೆಯೇ ಎಂದು ನೋಡುತ್ತಿದ್ದರು.

ಮೇಲಿನಿಂದ ಕೆಳಕ್ಕೆ ಹೆಣೆಯುವ ರಾಗ್ಲನ್ ಈ ಕಷ್ಟಕ್ಕೆ ಪರಿಹಾರವಾಗಿ ಬಂದದ್ದು. ತಂತಿಯಿಂದ ಕೂಡಿಸಿದ ಜೋಡಿ ಕಡ್ಡಿಯಲ್ಲಿ ಕೊರಳಿನ ಸುತ್ತಳತೆಗೆ ಕುಣಿಕೆಗಳನ್ನು ಏರಿಸಿ, ಬೆನ್ನು, ಎದೆ, ಎರಡು ತೋಳು ಎಂದು ನಾಲ್ಕು ಪಾಲು ಮಾಡಿ, ಪಾಲುಗಳ ನಡುವಿನ ನಾಲ್ಕು ಗೆರೆಗಳ ಎರಡೂ ಪಕ್ಕದಲ್ಲಿ ಕುಣಿಕೆ ಹೆಚ್ಚಿಸುತ್ತ ಇಳಿಯುವುದು ಇದರ ಕ್ರಮ. ಕಂಕುಳು ಮುಟ್ಟಿದಾಗ ತೋಳಿನ ಕುಣಿಕೆಗಳನ್ನು ಒಂದು ದಾರಕ್ಕೆ ದಾಟಿಸಿಟ್ಟು, ಕಂಕುಳಲ್ಲಿ ಒಂದಿಷ್ಟು ಹೊಸ ಕುಣಿಕೆ ಏರಿಸಿ, ಮೈಯನ್ನು ಸೊಂಟದವರೆಗೆ ಹೆಣೆದು ಮುಗಿಸಿ, ಆಮೇಲೆ ತೋಳಿಗೆ ಮರಳುತ್ತೇವೆ. ಹೊಲಿಗೆ ಎಲ್ಲೂ ಇಲ್ಲ. ಯಾವ ಹಂತದಲ್ಲಿ ಬೇಕಾದರೂ ಕುಣಿಕೆಗಳನ್ನು ಉದ್ದದ ದಾರಕ್ಕೆ ಇಳಿಸಿ ಮೈಗೆ ಹಾಕಿ ನೋಡಬಹುದು.

ಇದರ ಹೆಸರಿನ ಹಿಂದೆ ಒಂದು ಯುದ್ಧವಿದೆ. ಬ್ರಿಟಿಷ್ ಸೇನಾಧಿಕಾರಿ ಲಾರ್ಡ್ ರಾಗ್ಲನ್ 1815ರ ವಾಟರ್ಲೂ ಕದನದಲ್ಲಿ ಬಲಗೈ ಕಳೆದುಕೊಂಡವರು. ಕೈಯಿಲ್ಲದ ಹೆಗಲಿಗೆ ಹೊಂದಿಸಲು ಕೊರಳಿಂದ ಕಂಕುಳಿಗೆ ಓರೆಯಾಗಿ ಇಳಿಯುವ ಹೊಲಿಗೆಯ ಕೋಟನ್ನು ದರ್ಜಿಗಳು ರೂಪಿಸಿದರು ಎಂಬ ಮಾತಿದೆ. ಮುಂದೆ ಅವರು ಕ್ರಿಮಿಯಾ ಯುದ್ಧದಲ್ಲಿ ದಂಡನಾಯಕರಾಗಿ, 1855ರಲ್ಲಿ ಅಲ್ಲೇ ತೀರಿಕೊಂಡರು. ಅದೇ ಯುದ್ಧದ ಲಾರ್ಡ್ ಕಾರ್ಡಿಗನ್ ಹೆಸರು ಮುಂಭಾಗ ತೆರೆದ ಸ್ವೆಟರಿಗೆ ಬಂತು. ನಾವು ಮಂಕಿ ಕ್ಯಾಪ್ ಎನ್ನುವ ಟೋಪಿಗೆ ಇಂಗ್ಲಿಷಿನಲ್ಲಿ ಇರುವುದು ಬಾಲಾಕ್ಲಾವಾ ಎಂಬ ಕದನಭೂಮಿಯ ಹೆಸರು. ಆ ಕದನ ನಡೆದದ್ದು 1854ರಲ್ಲಿ. ಫೌಲರ್ ಎಂಬ ಯುರೋಪಿಯನ್ ಪ್ಲಾಂಟರ್ ಮಡಿಕೇರಿಯಲ್ಲಿ ಮೊದಲ ಕಾಫಿ ಎಸ್ಟೇಟ್ ತೆರೆದದ್ದೂ ಅದೇ ವರ್ಷ. ಕಾಫಿ ತೋಟದ ಮಂಜಿನ ಬೆಳಗಿಗೂ ಈ ಮೂರು ಉಡುಪುಗಳಿಗೂ ನಂಟು ಬೆಳೆಯುತ್ತ ಹೋದದ್ದು ಆಮೇಲಿನ ಕಾಲದಲ್ಲಿ.

ಕೈಹೆಣಿಗೆಯಲ್ಲಿ ಅಳತೆಯ ಚರ್ಚೆಗೆ ದಾರಿ ಮಾಡಿಕೊಟ್ಟ ಇಬ್ಬರನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ ತಮ್ಮ 1971ರ ಪುಸ್ತಕದಲ್ಲಿ ಎದೆಯ ಒಟ್ಟು ಕುಣಿಕೆಗಳನ್ನು ನೂರು ಎಂದಿಟ್ಟುಕೊಂಡು ಉಳಿದದ್ದನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ಕ್ರಮವನ್ನು ಜನಪ್ರಿಯಗೊಳಿಸಿದರು. ತೋಳಿಗೆ ಸುಮಾರು ಮೂರನೇ ಒಂದು ಪಾಲು, ಕೊರಳಿಗೆ ನಲವತ್ತು, ಕಂಕುಳಿಗೆ ಎಂಟು. ಬಾರ್ಬರಾ ವಾಕರ್ ಅದರ ಮರುವರ್ಷ, 1972ರಲ್ಲಿ, ಮೇಲಿನಿಂದ ಹೆಣೆಯುವುದನ್ನೇ ವಿಷಯವಾಗಿಟ್ಟು ಪುಸ್ತಕ ಬರೆದರು. ಹೆಣೆಯುತ್ತ ಮೈಗೆ ಹಾಕಿ ನೋಡಿ, ಮುಂದಿನ ಹೆಜ್ಜೆಯನ್ನು ಮೈ ನೋಡಿ ನಿರ್ಧರಿಸುವುದು ಅವರ ದಾರಿ. ಶೇಕಡಾ ಲೆಕ್ಕ ಸುಲಭ, ನೆನಪಿನಲ್ಲೂ ಉಳಿಯುತ್ತದೆ, ಮಕ್ಕಳ ಸ್ವೆಟರಿಗೆ ನಾನು ಇಂದಿಗೂ ಅದನ್ನೇ ಬಳಸುತ್ತೇನೆ. ಆದರೆ ಎದೆ ಬೆಳೆದಷ್ಟು ತೋಳು ಬೆಳೆಯುವುದಿಲ್ಲ, ಕೊರಳಂತೂ ಬೆಳೆಯುವುದೇ ಇಲ್ಲ. ಐವತ್ತು ದಾಟಿದ ಹೆಣ್ಣುಮಕ್ಕಳ ಮೈಗೆ ಶೇಕಡಾ ಲೆಕ್ಕ ಕೈಕೊಡುವುದು ಅಲ್ಲೇ. ನನ್ನ ಮಟ್ಟಿಗೆ ವಾಕರ್ ಅವರ ದಾರಿಯೇ ಸರಿ. ಆದರೆ ಬರಿಗಣ್ಣಿನ ಅಂದಾಜು ಸಾಲದು, ಟೇಪು ಬೇಕು, ಪೆನ್ಸಿಲ್ ಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ರಾಗ್ಲನ್ ಪ್ಯಾಟರ್ನುಗಳಲ್ಲಿ ಸಾಮಾನ್ಯವಾಗಿ ಸಿಗುವ ಸೂಚನೆ ಒಂದೇ: ಸಾಲು ಬಿಟ್ಟು ಸಾಲಿಗೆ ನಾಲ್ಕೂ ಗೆರೆಗಳ ಎರಡೂ ಪಕ್ಕದಲ್ಲಿ ಒಂದೊಂದು ಕುಣಿಕೆ ಹೆಚ್ಚಿಸಿ. ಅಂದರೆ ಸಲಕ್ಕೆ ಎಂಟು. ಬೆನ್ನಿಗೆ ಎರಡು, ಎದೆಗೆ ಎರಡು, ಒಂದೊಂದು ತೋಳಿಗೂ ಎರಡೆರಡು. ಎಲ್ಲ ಪಾಲೂ ಒಂದೇ ವೇಗದಲ್ಲಿ ಹಿಗ್ಗುತ್ತದೆ. ಯಾರ ಮೈಯೂ ಹಾಗೆ ಹಿಗ್ಗುವುದಿಲ್ಲ. ಸರಿಹೊಂದದ ರಾಗ್ಲನ್ ಸ್ವೆಟರುಗಳಲ್ಲಿ ಹೆಚ್ಚಿನವು ಕೆಡುವುದು ಈ ಒಂದು ಸೂಚನೆಯನ್ನು ಕಣ್ಣುಮುಚ್ಚಿ ಪಾಲಿಸಿದ್ದರಿಂದ ಎಂಬುದು ನನ್ನ ಗಟ್ಟಿ ನಂಬಿಕೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎದೆಯ ಸುತ್ತಳತೆ 42 ಇಂಚು, ರಟ್ಟೆಯ ಸುತ್ತಳತೆ 12 ಇಂಚು ಇರುವ ಒಬ್ಬ ತಾಯಿ. ನಮ್ಮ ಹೆಣಿಗೆ ಇಂಚಿಗೆ 5 ಕುಣಿಕೆ, 7 ಸಾಲು. ಒಳಗೆ ರವಿಕೆ, ಕೆಲವೊಮ್ಮೆ ಪೂರ್ತಿ ಸೀರೆ ಇರುವುದರಿಂದ ಎದೆಗೆ 4 ಇಂಚು ಸಡಿಲ ಬಿಟ್ಟರೆ 46 ಇಂಚು, ಅಂದರೆ 230 ಕುಣಿಕೆ. ಬೆನ್ನಿಗೆ 115. ಅದರಲ್ಲಿ 9 ಕುಣಿಕೆ ಕಂಕುಳಲ್ಲಿ ಏರಿಸುವುದರಿಂದ ಬರುತ್ತದೆ. ಉಳಿದ 106ನ್ನು ಕೊರಳಿನ 36ರಿಂದ ಹೊರಟು ಮುಟ್ಟಬೇಕು. 70 ಕುಣಿಕೆ ಹೆಚ್ಚಬೇಕು, ಸಲಕ್ಕೆ ಎರಡರಂತೆ 35 ಸಲ. ಸಾಲು ಬಿಟ್ಟು ಸಾಲು ಹೋದರೆ 70 ಸಾಲು, 10 ಇಂಚು ಆಳ. ಆ ತಾಯಿಗೆ ಹೆಗಲಿಂದ ಕಂಕುಳಿಗೆ ಬೇಕಾದದ್ದು 8 ಇಂಚು. ಎರಡು ಇಂಚು ಕೆಳಗೆ ಜೋತ ಕಂಕುಳಿನಿಂದಾಗಿ ಕೈ ಎತ್ತಿದಾಗಲೆಲ್ಲ ಇಡೀ ಸ್ವೆಟರ್ ಮೇಲೇಳುತ್ತದೆ. ತೋಳಿನ ಗತಿ ಇನ್ನೂ ಕಷ್ಟ. ಕೊರಳಲ್ಲಿ 11ರಿಂದ ಹೊರಟ ತೋಳು 35 ಸಲ ಹೆಚ್ಚಿ 81 ಆಗಿ, ಕಂಕುಳಿನ 9 ಸೇರಿ 90 ಆಗುತ್ತದೆ. 12 ಇಂಚಿನ ರಟ್ಟೆಗೆ 18 ಇಂಚಿನ ತೋಳು!

ತಿದ್ದುವುದು ಹೇಗೆ? ಆಳವನ್ನು ಮೊದಲು ಗಟ್ಟಿ ಮಾಡಿ: 8 ಇಂಚು, 56 ಸಾಲು. ಆ 56 ಸಾಲಿನೊಳಗೆ ಮೈ 35 ಸಲ ಹೆಚ್ಚಬೇಕು. ಮೊದಲ 42 ಸಾಲಿನಲ್ಲಿ ಸಾಲು ಬಿಟ್ಟು ಸಾಲಿಗೆ 21 ಸಲ, ಕೊನೆಯ 14 ಸಾಲಿನಲ್ಲಿ ಪ್ರತಿ ಸಾಲಿಗೂ 14 ಸಲ. ಎದೆ ತುಂಬಿಕೊಳ್ಳುವುದೂ ಅಲ್ಲೇ ಆದ್ದರಿಂದ ಹೆಚ್ಚುವರಿ ಅಗಲ ತಕ್ಕ ಜಾಗದಲ್ಲೇ ಬರುತ್ತದೆ. ತೋಳಿಗೆ 2 ಇಂಚು ಸಡಿಲ ಬಿಟ್ಟರೆ 14 ಇಂಚು, 70 ಕುಣಿಕೆ. ಕಂಕುಳಿನ 9 ಕಳೆದರೆ 61. 11ರಿಂದ 61ಕ್ಕೆ ಹೋಗಲು 25 ಸಲ ಸಾಕು. ಮೊದಲ 44 ಸಾಲಿನಲ್ಲಿ 22 ಸಲ, ಉಳಿದ 12 ಸಾಲಿನಲ್ಲಿ ನಾಲ್ಕು ಸಾಲಿಗೊಮ್ಮೆಯಂತೆ 3 ಸಲ. ಗೆರೆಯ ಒಂದು ಪಕ್ಕದಲ್ಲಿ ಹೆಚ್ಚಿಸಿ ಇನ್ನೊಂದು ಪಕ್ಕವನ್ನು ಹಾಗೇ ಬಿಡುವ ಸಾಲುಗಳು ಬರುತ್ತವೆ, ಅಷ್ಟೇ ವ್ಯತ್ಯಾಸ. ಗೆರೆ ಸ್ವಲ್ಪ ಬಾಗುತ್ತದೆ, ನೋಡಲೂ ಚೆನ್ನ. ಎದೆ ಸಣ್ಣದಿದ್ದು ತೋಳು ದಪ್ಪ ಇರುವವರಿಗೆ, ತೋಟದಲ್ಲಿ ದುಡಿದು ರಟ್ಟೆ ಬೆಳೆದ ಗಂಡಸರಿಗೆ, ಇದೇ ಲೆಕ್ಕವನ್ನು ತಿರುಗಿಸಿ ಮಾಡಬೇಕು.

ಈ ಎಲ್ಲ ಲೆಕ್ಕ ನಿಂತಿರುವುದು ಇಂಚಿಗೆ ಎಷ್ಟು ಕುಣಿಕೆ, ಎಷ್ಟು ಸಾಲು ಎಂಬುದರ ಮೇಲೆ. ಕೈ ಸ್ವಲ್ಪ ಬಿಗಿಯಾಗಿ ಇಂಚಿಗೆ ಐದೂವರೆ ಕುಣಿಕೆ ಬಂದರೆ 230 ಕುಣಿಕೆಯ ಸ್ವೆಟರ್ 42 ಇಂಚು ಕೂಡ ಪೂರ್ತಿ ಮುಟ್ಟುವುದಿಲ್ಲ; ಬಿಟ್ಟ ಸಡಿಲವೆಲ್ಲ ಮಾಯ. ಕುಣಿಕೆ ಸರಿಬಂದರೆ ಸಾಕು, ಸಾಲಿನದು ಹೇಗಾದರೂ ಆಗುತ್ತದೆ ಎನ್ನುವವರಿದ್ದಾರೆ. ಕೆಳಗಿಂದ ಹೆಣೆಯುವ ತುಂಡುಗಳಲ್ಲಿ ಅದು ನಡೆದೀತು. ರಾಗ್ಲನ್‌ನಲ್ಲಿ ನಡೆಯುವುದಿಲ್ಲ, ಏಕೆಂದರೆ ಇಲ್ಲಿ ಅಗಲವೂ ಆಳವೂ ಒಂದೇ ಗೆರೆಯಲ್ಲಿ ಒಟ್ಟಿಗೆ ಬೆಳೆಯುತ್ತವೆ. ಇಂಚಿಗೆ 7ರ ಬದಲು 8 ಸಾಲು ಬಿದ್ದರೆ 56 ಸಾಲು ಏಳೇ ಇಂಚು. ಕಂಕುಳು ಕೊಯ್ಯುತ್ತದೆ. ಆದ್ದರಿಂದ ಆರು ಇಂಚು ಚೌಕದ ಮಾದರಿ ತುಂಡು ಹೆಣೆದು, ಒಗೆದು, ಒಣಗಿಸಿ, ಆಮೇಲೆ ನಡುವಿನ ನಾಲ್ಕು ಇಂಚನ್ನು ಅಳೆಯಬೇಕು. ಒಗೆಯುವುದಕ್ಕೆ ಬೇಸರಪಡಬಾರದು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿದರೂ ಕೈಗೆ ಒದ್ದೆ ಎನಿಸುವುದಿಲ್ಲ. ಕಕ್ಕಡದ ಮಡಿಕೇರಿಯಲ್ಲಿ ಒಣಗಿದೆ ಎಂದುಕೊಂಡು ಅಳೆದ ತುಂಡು ತಪ್ಪು ಹೇಳುವುದುಂಟು.

ಕಡ್ಡಿಯ ನಂಬರಿನಲ್ಲೂ ಒಂದು ಬಲೆ ಇದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳಿಗೆ ಹಳೆಯ ಬ್ರಿಟಿಷ್ ನಂಬರು: ನಂಬರ್ 8 ಎಂದರೆ 4 ಮಿಲಿಮೀಟರ್, ನಂಬರ್ 10 ಎಂದರೆ 3.25. ನಂಬರು ದೊಡ್ಡದಾದಷ್ಟೂ ಕಡ್ಡಿ ಸಪೂರ. ಅಮೆರಿಕದ ಪ್ಯಾಟರ್ನಿನ 8 ಎಂದರೆ 5 ಮಿಲಿಮೀಟರ್, 10 ಎಂದರೆ 6. ಅಲ್ಲಿ ನಂಬರು ಏರಿದಷ್ಟೂ ದಪ್ಪ. ಅಲ್ಲಿಯ ಪ್ಯಾಟರ್ನ್ ಓದಿ ಇಲ್ಲಿಯ ನಂಬರ್ 8 ಹಿಡಿದು ಹೆಣೆದ ಸ್ವೆಟರ್ ಬಿಗಿಯಾಗದೆ ಇನ್ನೇನಾದೀತು? ನಂಬರ್ ಮರೆತು ಮಿಲಿಮೀಟರ್ ನೋಡಿ.

ಕೊರಳಿನ ತೊಂದರೆ ಬೇರೆಯದು. ಮನುಷ್ಯನ ಕುತ್ತಿಗೆ ಮುಂದಕ್ಕೆ ಬಾಗಿದೆ. ಹಿಂದೆ ಎತ್ತರ, ಮುಂದೆ ತಗ್ಗು. ಕೊರಳನ್ನು ಸುಮ್ಮನೆ ವೃತ್ತವಾಗಿ ಹೆಣೆದರೆ ಮುಂಭಾಗ ಗಂಟಲು ಒತ್ತುತ್ತದೆ, ಸ್ವೆಟರ್ ಹಿಂದಕ್ಕೆ ಜಾರುತ್ತದೆ. ಇದಕ್ಕೆ ಮದ್ದು ಅರೆಸಾಲು. ಪೂರ್ತಿ ಸುತ್ತು ಬರದೆ, ಬೆನ್ನಿನ ಭಾಗದಲ್ಲಷ್ಟೇ ಹೋಗಿ ಅರ್ಧದಲ್ಲಿ ತಿರುಗಿ ಬರುವುದು. ಹೀಗೆ ಮಾಡಿ ಬೆನ್ನಿನ ಕಡೆ ಒಂದೂವರೆಯಿಂದ ಎರಡು ಇಂಚು ಹೆಚ್ಚು ಎತ್ತರ ಕೊಟ್ಟರೆ ಕೊರಳು ಕೂರುತ್ತದೆ. ವಯಸ್ಸಾಗಿ ಬೆನ್ನು ಬಾಗಿದವರಿಗೆ ಇನ್ನೂ ಒಂದು ಇಂಚು ಬೇಕು. ಅಜ್ಜಿಯರ ಸ್ವೆಟರ್ ಹಿಂದೆ ಮೇಲೇರಿ ಸೊಂಟಕ್ಕೆ ಗಾಳಿ ಹೊಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಬಾಗಿದ ಬೆನ್ನು ಹೆಚ್ಚು ಬಟ್ಟೆ ಬೇಡುತ್ತದೆ, ಅದನ್ನು ಕೊರಳ ಹಿಂದೆ, ಹೆಗಲ ಮೂಳೆಯ ಮೇಲೆ ಕೊಡಬೇಕು. ಕೆಳಗಿನ ಅಂಚನ್ನು ಉದ್ದ ಮಾಡುವುದರಿಂದ ಈ ಕೊರತೆ ತುಂಬುವುದಿಲ್ಲ. ಎದೆ ತುಂಬಿದವರಿಗೂ ಅರೆಸಾಲೇ ಮದ್ದು, ಆದರೆ ಮುಂಭಾಗದಲ್ಲಿ. ಹೆಗಲಿಂದ ಎದೆಯ ಮೇಲೆ ಹಾಯಿಸಿ ಸೊಂಟದವರೆಗೆ ಅಳೆಯಿರಿ, ಹಾಗೇ ಬೆನ್ನಿನ ಮೇಲೂ ಅಳೆಯಿರಿ. ಮುಂದಿನದು 2 ಇಂಚು ಹೆಚ್ಚಿದ್ದರೆ 14 ಸಾಲು, ಅಂದರೆ ಹೋಗಿ ಬರುವ 7 ಜೋಡಿ ಅರೆಸಾಲು, ಕಂಕುಳು ದಾಟಿದ ಮೇಲೆ.

ಪುಸ್ತಕಗಳಲ್ಲಿ ಸಿಗದ, ನಮ್ಮ ನಾಡಿನದೇ ಆದ ಅಳತೆಯೊಂದಿದೆ. ಕೊಡವತಿಯರ ಸೀರೆಯ ನೆರಿಗೆ ಬೆನ್ನ ಹಿಂದೆ. ಕಾವೇರಿ ಹರಿದ ರಭಸಕ್ಕೆ ನೆರಿಗೆ ಹಿಂದೆ ಸರಿಯಿತು ಎಂದು ಬಲಮುರಿ ಎಂಬ ಊರಿನ ಕಥೆ ಹೇಳುತ್ತದೆ. ಸೆರಗು ಎಡಗೈಯ ಕೆಳಗಿಂದ ಎದೆಯ ಮೇಲೆ ಹಾದು ಬಲ ಹೆಗಲಿಗೆ ಪಿನ್ನಾಗುತ್ತದೆ. ಈ ಸೀರೆಯ ಮೇಲೆ ಹಾಕುವ ಕಾರ್ಡಿಗನ್‌ಗೆ ಸೊಂಟದ ಕೆಳಗೆ ಮುಂದಕ್ಕಿಂತ ಹಿಂದೆ ಹೆಚ್ಚು ಅಗಲ ಬೇಕು. ಪ್ಯಾಟರ್ನಿನಂತೆ ಎರಡೂ ಕಡೆ ಸಮ ಮಾಡಿದರೆ ಅಂಚು ನೆರಿಗೆಗೆ ಸಿಕ್ಕಿ ಮೇಲೇಳುತ್ತದೆ, ಮುಂದಿನ ಗುಂಡಿಗಳು ಎಳೆದುಕೊಳ್ಳುತ್ತವೆ. ಮೇಲಿನಿಂದ ಇಳಿಯುವ ಹೆಣಿಗೆಯಲ್ಲಿ ಇದು ಬಲು ಸುಲಭ. ಸೊಂಟದಿಂದ ಕೆಳಗೆ ಬೆನ್ನಿನ ಪಾಲಿನಲ್ಲಿ ಮಾತ್ರ ಎಂಟು ಸಾಲಿಗೊಮ್ಮೆ ಎರಡು ಕುಣಿಕೆ ಹೆಚ್ಚಿಸಿದರೆ ನಾಲ್ಕು ಸಲಕ್ಕೆ ಒಂದೂವರೆ ಇಂಚಿನಷ್ಟು ಸಿಗುತ್ತದೆ. ಬಲ ಹೆಗಲಲ್ಲಿ ಸೆರಗಿನ ಮಡಿಕೆ ಇರುವುದರಿಂದ ಅಳತೆಯನ್ನೂ ಸೀರೆ ಉಟ್ಟೇ ತೆಗೆಯಬೇಕು. ನೈಟಿಯ ಮೇಲೆ ಅಳತೆ ಕೊಟ್ಟು ಮದುವೆಗೆ ಹಾಕಿಕೊಳ್ಳಲು ಹೊರಟರೆ ಆಗದು. ಕೊಡವ ಗಂಡಸರು ತೊಡುವ ಕುಪ್ಯ ಎಂಬ ನಿಲುವಂಗಿ ಅರ್ಧ ತೋಳಿನದು, ಒಳಗಿನ ಅಂಗಿಯ ತೋಳು ಹೊರಗೆ ಕಾಣುತ್ತದೆ. ಒಂದು ಬಟ್ಟೆಯ ಮೇಲೆ ಇನ್ನೊಂದು ಕೂರಬೇಕೆಂಬ ತಿಳಿವಳಿಕೆ ನಮ್ಮ ಉಡುಪಿನಲ್ಲಿ ಮೊದಲಿಂದಲೂ ಇದೆ. ಸ್ವೆಟರ್ ಹೆಣೆಯುವಾಗ ಅದನ್ನು ಮರೆಯಬೇಕಾಗಿಲ್ಲ.

ತೋಳಿನ ಉಳಿದ ಭಾಗಕ್ಕೆ ಹೆಚ್ಚು ಮಾತು ಬೇಡ. 70 ಕುಣಿಕೆಯಿಂದ ಮುಂಗೈಯ 40ಕ್ಕೆ ಇಳಿಯಲು ಆರು ಸಾಲಿಗೊಮ್ಮೆ ಎರಡೆರಡರಂತೆ 15 ಸಲ ಇಳಿಸಬೇಕು. ತೋಟಕ್ಕೆ ಹೋಗುವವರಿಗೆ ಮುಂಗೈ ಬಾರ್ಡರ್ ಬಿಗಿಯಿರಲಿ, ಸಡಿಲ ತೋಳು ಕಾಫಿ ಗಿಡದ ರೆಂಬೆಗೆ ಸಿಕ್ಕಿ ನೂಲು ಎಳೆದುಕೊಳ್ಳುತ್ತದೆ. ಕಂಕುಳಿನ ಮೂಲೆಗಳಲ್ಲಿ ಬೀಳುವ ತೂತಿಗೆ ಅಲ್ಲಿ ಒಂದೊಂದು ಕುಣಿಕೆ ಹೆಚ್ಚು ಎತ್ತಿಕೊಂಡು ಮುಂದಿನ ಸುತ್ತಿನಲ್ಲಿ ಕೂಡಿಸಿಬಿಟ್ಟರೆ ಸಾಕು.

ನೂಲಿನ ಬಗ್ಗೆ ಎರಡು ಅಭಿಪ್ರಾಯಗಳಿವೆ. ಇಲ್ಲಿ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಲೂಧಿಯಾನಾ ಕಡೆಯ ಅಕ್ರಿಲಿಕ್. ಒಗೆಯಲು ಸುಲಭ, ಬೇಗ ಒಣಗುತ್ತದೆ, ನಮ್ಮ ಮಳೆಗೆ ಅದೇ ಸರಿ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಅಕ್ರಿಲಿಕ್ಕನ್ನು ಒದ್ದೆ ಮಾಡಿ ಎಳೆದು ಅಳತೆಗೆ ಕೂರಿಸಲಾಗದು, ಬಿಸಿ ಇಸ್ತ್ರಿ ತಾಗಿದರೆ ಸತ್ತು ಜೋಲುತ್ತದೆ. ಹೆಣೆದಾಗ ಬಂದ ಅಳತೆಯೇ ಕೊನೆ. ಉಣ್ಣೆ ತಿದ್ದಲು ಅವಕಾಶ ಕೊಡುತ್ತದೆ, ಆದರೆ ಕೇಳುವ ಆರೈಕೆ ಹೆಚ್ಚು. ಒದ್ದೆ ಉಣ್ಣೆ ಸ್ವೆಟರನ್ನು ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿದರೆ ತನ್ನ ಭಾರಕ್ಕೇ ಎರಡು ಮೂರು ಇಂಚು ಉದ್ದವಾಗುತ್ತದೆ. ಟವೆಲಿನಲ್ಲಿ ಸುತ್ತಿ ಹಿಂಡಿ, ಮೊರದ ಮೇಲೋ ಚಾಪೆಯ ಮೇಲೋ ಹರಡಿ ಒಣಗಿಸಬೇಕು. ಬೂಷ್ಟು ಹಿಡಿಯುವ ಕಾಲವಾದ್ದರಿಂದ ದೊಡ್ಡ ಒಗೆತವನ್ನು ಮಳೆಗೆ ಮುಂಚೆ, ಮೇ ತಿಂಗಳ ಬಿಸಿಲಲ್ಲೇ ಮುಗಿಸುವುದು ಒಳ್ಳೆಯದು.

ಇಷ್ಟೆಲ್ಲ ಏಕೆ, ಕೊಂಡರಾಯಿತಲ್ಲ ಎಂಬ ಪ್ರಶ್ನೆ ಇದ್ದೇ ಇದೆ. ಕುಶಾಲನಗರದ ಆಚೆ, ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ 1961ರಲ್ಲಿ ಟಿಬೆಟಿಯನ್ನರ ನೆಲೆ ಆರಂಭವಾಯಿತು. ಭಾರತದಲ್ಲಿರುವ ಟಿಬೆಟಿಯನ್ ಕುಟುಂಬಗಳು ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವುದನ್ನು ದಶಕಗಳಿಂದ ಜೀವನೋಪಾಯವಾಗಿ ಮಾಡಿಕೊಂಡಿವೆ. ಮಾಲು ಬಹುಪಾಲು ಲೂಧಿಯಾನಾದ ಯಂತ್ರಗಳದ್ದು. ಅವು ಅಗ್ಗ, ಬೆಚ್ಚಗೂ ಇರುತ್ತವೆ, ಅವನ್ನು ಹೀಗಳೆಯುವ ಮನಸ್ಸು ನನಗಿಲ್ಲ. ಆರು ನೂರು ಗ್ರಾಂ ಒಳ್ಳೆಯ ನೂಲಿನ ಬೆಲೆಗೆ ಅಂಥ ಸ್ವೆಟರ್ ಸಿಕ್ಕೇ ಸಿಗುತ್ತದೆ. ಹಾಗಿರುವಾಗ ಕೈಯಲ್ಲಿ ಹೆಣೆದದ್ದು ಅಂಗಡಿಯದಕ್ಕಿಂತ ಚೆನ್ನಾಗಿ ಕೂರದಿದ್ದರೆ ಹೆಣೆಯಲು ಕಾರಣವೇ ಉಳಿಯುವುದಿಲ್ಲ. ಯಂತ್ರಕ್ಕೆ ಗೊತ್ತಿರುವುದು 36, 38, 40 ಎಂಬ ಅಳತೆಗಳು. ಬಾಗಿದ ಬೆನ್ನು, ಹಿಂದಿನ ನೆರಿಗೆ, ಒಂದು ತೋಳು ಇನ್ನೊಂದಕ್ಕಿಂತ ದಪ್ಪ ಇರುವುದು ಗೊತ್ತಿರುವುದು ಮನೆಯವರಿಗೆ.

ರಾಗ್ಲನ್ ಎಲ್ಲರಿಗೂ ಒಪ್ಪುತ್ತದೆಯೇ? ಇಲ್ಲ. ಹೆಗಲು ಚೌಕವಾಗಿ, ಅಗಲವಾಗಿ ಇರುವವರಿಗೆ ಕಂಕುಳಿನ ಮುಂದೆ ಬಟ್ಟೆ ಮಡಚಿಕೊಳ್ಳುತ್ತದೆ. ಎಷ್ಟು ತಿದ್ದಿದರೂ ಒಂದಿಷ್ಟು ಉಳಿಯುತ್ತದೆ. ಅವರಿಗೆ ತೋಳು ಬೇರೆಯಾಗಿ ಕೂರಿಸುವ ಹಳೆಯ ಕ್ರಮವೇ ಒಳ್ಳೆಯದು. ಹೊಲಿಗೆಯಿಲ್ಲದ ಸ್ವೆಟರ್ ಭಾರವಾದಷ್ಟೂ ಜೋಲುತ್ತದೆ ಎಂಬ ಆಕ್ಷೇಪವೂ ನಿಜ. ಹೊಲಿಗೆ ಬಟ್ಟೆಗೆ ಎಲುಬಿದ್ದಂತೆ. ಇಡೀ ಭಾರ ಕೊರಳಿನ ಮೇಲೆ ಬೀಳುವುದರಿಂದ, ಕೊರಳಿನ ಬಾರ್ಡರನ್ನು ಮೊದಲೇ ಹೆಣೆಯದೆ, ಎಲ್ಲ ಮುಗಿದ ಮೇಲೆ ಅಂಚಿನಿಂದ ಕುಣಿಕೆ ಎತ್ತಿ ಹೆಣೆದರೆ ಆ ಸುತ್ತು ಹಿಗ್ಗದಂತೆ ಹಿಡಿದಿಡುತ್ತದೆ. ಇಳಿಜಾರು ಹೆಗಲಿನವರಿಗೆ, ಬೆಳೆಯುವ ಮಕ್ಕಳಿಗೆ, ವಯಸ್ಸಾದವರಿಗೆ ರಾಗ್ಲನ್‌ಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮಕ್ಕಳ ಸ್ವೆಟರಂತೂ ಮುಂದಿನ ವರ್ಷ ಕೆಳಗಿನ ಬಾರ್ಡರ್ ಬಿಚ್ಚಿ ಎರಡು ಇಂಚು ಮುಂದುವರಿಸಬಹುದು. ಕೆಳಗಿಂದ ಹೆಣೆದದ್ದರಲ್ಲಿ ಅದು ಅಷ್ಟು ಸುಲಭವಲ್ಲ.

ಹೆಣೆಯುವವರಲ್ಲಿ ನನ್ನದೊಂದು ಬೇಡಿಕೆ. ಸ್ವೆಟರ್ ಮುಗಿದ ದಿನ ಅದರ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಿ: ಯಾರಿಗೆ, ಯಾವ ತಿಂಗಳು, ಯಾವ ನೂಲು, ಕಡ್ಡಿ ಎಷ್ಟು ಮಿಲಿಮೀಟರ್, ಇಂಚಿಗೆ ಎಷ್ಟು ಕುಣಿಕೆ, ಎಷ್ಟು ಸಾಲು, ಎಲ್ಲಿ ಎಷ್ಟು ಸಲ ಹೆಚ್ಚಿಸಿದಿರಿ, ಹಾಕಿಕೊಂಡವರು ಏನೆಂದರು. ಅವ್ವ ನಲವತ್ತು ವರ್ಷ ಹೆಣೆದರು, ಒಂದು ಅಳತೆಯನ್ನೂ ಬರೆದಿಡಲಿಲ್ಲ. ಅವರು ಅಪ್ಪನಿಗೆ ಹೆಣೆದ ಬೂದು ಬಣ್ಣದ ಸ್ವೆಟರ್ ಒಂದು ಮಾತ್ರ ಅಪ್ಪನ ಮೈಗೆ ಅಚ್ಚುಕಟ್ಟಾಗಿ ಕೂತಿತ್ತು. ಅದರ ಕುಣಿಕೆಗಳನ್ನು ನಾನು ಈಗ ಬೆರಳಿಟ್ಟು ಒಂದೊಂದಾಗಿ ಎಣಿಸಿ ಬರೆದುಕೊಳ್ಳುತ್ತಿದ್ದೇನೆ.